ಹೀಲಾ ಎಂಬ ಹೆಸರಿನ ಹಿಂದಿನ ಹೆಣ್ಣುಮಗಳು

ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ತಿಂಗಳಿಗೊಂದಾದರೂ ಇಂಥ ಸಂದೇಶ ಬರುತ್ತದೆ. ಒಮ್ಮೆ ಸೀತಾಫಲದ ಎಲೆ, ಒಮ್ಮೆ ಅಮೃತಬಳ್ಳಿ, ಇನ್ನೊಮ್ಮೆ ನುಗ್ಗೆಸೊಪ್ಪು. ಇದರ ಸಾರ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆ ಎಂದು ಪ್ರಯೋಗಾಲಯದಲ್ಲಿ ಗೊತ್ತಾಗಿದೆಯಂತೆ ಎಂದು ಅದರಲ್ಲಿರುತ್ತದೆ. ನಾವು ಓದುತ್ತೇವೆ, ಊರಿನಲ್ಲಿರುವ ಅಕ್ಕನಿಗೋ ಅತ್ತೆಗೋ ಕಳಿಸುತ್ತೇವೆ. ಪ್ರಯೋಗಾಲಯದಲ್ಲಿ ಸತ್ತ ಆ ಜೀವಕೋಶಗಳು ಯಾರವು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಹಳಷ್ಟು ಪ್ರಯೋಗಗಳಲ್ಲಿ ಅದಕ್ಕೆ ಉತ್ತರ ಒಂದೇ. ಅವು 1951ರಲ್ಲಿ ತೀರಿಕೊಂಡ, ಐದು ಮಕ್ಕಳ ತಾಯಿ ಹೆನ್ರಿಯೆಟಾ ಲ್ಯಾಕ್ಸ್ ಅವರವು.

ನಾನು ಜೀವವಿಜ್ಞಾನ ಓದಿದವಳಲ್ಲ. ಎಂ.ಟೆಕ್. ಮುಗಿಸಿ ಪುಣೆಗೆ ಬಂದು ಹತ್ತು ವರ್ಷ ದಾಟಿದೆ, ಸಾಫ್ಟ್‌ವೇರ್ ನನ್ನ ಕೆಲಸ. ಎರಡು ವರ್ಷ ಪ್ರಯೋಗಾಲಯಗಳ ಮಾದರಿಗಳ ಲೆಕ್ಕ ಇಡುವ ಒಂದು ತಂತ್ರಾಂಶದ ಮೇಲೆ ಕೆಲಸ ಮಾಡಿದೆ. ಯಾವ ಗಿಡದ ಸಾರ, ಯಾವ ಜೀವಕೋಶ, ಎಷ್ಟು ಪ್ರಮಾಣ, ಎಷ್ಟು ಜೀವಕೋಶ ಉಳಿದವು, ಹೀಗೆ ಸಾಲು ಸಾಲು ಮಾಹಿತಿ. ಜೀವಕೋಶದ ಕಾಲಮ್ಮಿನಲ್ಲಿ ಹೀಲಾ ಎಂಬ ಹೆಸರು ಎಷ್ಟು ಸಲ ಬರುತ್ತಿತ್ತೆಂದರೆ, ಅದು ಯಾವುದೋ ರಾಸಾಯನಿಕದ ಹೆಸರಿರಬೇಕು ಅನ್ನಿಸುವಂತಿತ್ತು. ಹುಡುಕಿ ಓದಿದಾಗ ಹೆನ್ರಿಯೆಟಾಳ ಬದುಕು ಸಿಕ್ಕಿತು. ಅದನ್ನು ನಮ್ಮ ವೇದಿಕೆಯ ಗೆಳತಿಯರಿಗೆ ಹೇಳಬೇಕು ಎಂದು ಅಂದಿನಿಂದಲೂ ಆಸೆ.

ಹೆನ್ರಿಯೆಟಾ ಹುಟ್ಟಿದ್ದು 1920ರ ಆಗಸ್ಟ್ 1ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ರೋನೋಕ್ ಊರಿನಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಲೊರೆಟಾ ಪ್ಲೆಸೆಂಟ್. ಅದು ಹೆನ್ರಿಯೆಟಾ ಆದದ್ದು ಹೇಗೆ ಎಂದು ಮನೆಯವರಿಗೇ ಗೊತ್ತಿರಲಿಲ್ಲ. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ಎಲೈಜಾ ಹತ್ತನೆಯ ಹೆರಿಗೆಯಲ್ಲಿ ತೀರಿಕೊಂಡಳು. ಅಷ್ಟು ಮಕ್ಕಳನ್ನು ಒಬ್ಬನೇ ಸಾಕಲಾರದೆ ತಂದೆ ಅವರನ್ನೆಲ್ಲ ಕ್ಲೋವರ್ ಎಂಬ ಹಳ್ಳಿಗೆ ಕರೆತಂದು ನೆಂಟರ ಮನೆಗಳಿಗೆ ಹಂಚಿದ. ಹೆನ್ರಿಯೆಟಾ ತಾತ ಟಾಮಿ ಲ್ಯಾಕ್ಸ್‌ನ ಪಾಲಿಗೆ ಬಂದಳು. ತಾತನದು ಮರದ ದಿಮ್ಮಿಗಳ ಮನೆ. ಒಂದು ಕಾಲಕ್ಕೆ ಅದು ಗುಲಾಮರು ಇರುತ್ತಿದ್ದ ಮನೆಯಾಗಿತ್ತು.

ಊರಿನ ಬೆಳೆ ತಂಬಾಕು. ಮಕ್ಕಳು ಬೆಳಗ್ಗೆ ದನಕರು, ತೋಟದ ಕೆಲಸ ಮುಗಿಸಿ ತಂಬಾಕಿನ ಹೊಲಕ್ಕೆ ಹೋಗಬೇಕಿತ್ತು. ಕರಿಯರ ಮಕ್ಕಳಿಗೆಂದು ಬೇರೆ ಶಾಲೆ, ಅದಕ್ಕೆ ಮೈಲಿಗಟ್ಟಲೆ ನಡೆಯಬೇಕು. ಆರನೆಯ ತರಗತಿಗೆ ಹೆನ್ರಿಯೆಟಾಳ ಓದು ನಿಂತಿತು. ಅದೇ ತಾತನ ಮನೆಯಲ್ಲಿ ಬೆಳೆಯುತ್ತಿದ್ದ ನೆಂಟರ ಹುಡುಗ ಡೇವಿಡ್ ಲ್ಯಾಕ್ಸ್‌ನಿಂದ ಹದಿನಾಲ್ಕನೆಯ ವಯಸ್ಸಿಗೆ ಮೊದಲ ಮಗ ಹುಟ್ಟಿದ. ನಾಲ್ಕು ವರ್ಷದ ಮೇಲೆ ಮಗಳು ಎಲ್ಸಿ ಹುಟ್ಟಿದಳು. 1941ರ ಏಪ್ರಿಲ್‌ನಲ್ಲಿ ಇಬ್ಬರೂ ಮದುವೆಯಾದರು.

ನಮ್ಮ ಕಡೆಯ ಎಷ್ಟೋ ಮನೆಗಳಂತೆ ಆ ಮನೆಯೂ ಕೆಲಸ ಹುಡುಕಿಕೊಂಡು ಊರು ಬಿಟ್ಟಿತು. ಯುದ್ಧದ ಕಾಲ, ಬಾಲ್ಟಿಮೋರ್ ಹತ್ತಿರದ ಸ್ಪ್ಯಾರೋಸ್ ಪಾಯಿಂಟ್‌ನ ಉಕ್ಕಿನ ಕಾರ್ಖಾನೆಗೆ ಆಳುಗಳು ಬೇಕಾಗಿದ್ದರು. ಡೇವಿಡ್ ಅಲ್ಲಿ ಕೆಲಸಕ್ಕೆ ಸೇರಿದ. ಹೆನ್ರಿಯೆಟಾ ಮಕ್ಕಳನ್ನು ಕರೆದುಕೊಂಡು ಹೋಗಿ ಟರ್ನರ್ ಸ್ಟೇಷನ್ ಎಂಬ ಕರಿಯರ ಬಡಾವಣೆಯಲ್ಲಿ ಸಂಸಾರ ಹೂಡಿದಳು. ಎತ್ತರ ಐದು ಅಡಿ. ನಗುಮುಖ, ಅಚ್ಚುಕಟ್ಟಾದ ಉಡುಪು, ಉಗುರಿಗೆ ಸದಾ ಕೆಂಪು ಬಣ್ಣ. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ನೆಂಟರಿಷ್ಟರಿಗೆಲ್ಲ ಅವಳ ಮನೆಯಲ್ಲೇ ಊಟ, ಅಲ್ಲೇ ಹಾಸಿಗೆ. ಆ ಊರಿನಲ್ಲಿ ಮತ್ತೆ ಮೂರು ಮಕ್ಕಳಾದವು. ಕೊನೆಯ ಮಗ ಹುಟ್ಟಿದ್ದು 1950ರಲ್ಲಿ.

ಹಿರಿಯ ಮಗಳು ಎಲ್ಸಿಗೆ ಮೂರ್ಛೆರೋಗ, ಮಾತೂ ಸರಿಯಾಗಿ ಬರುತ್ತಿರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವುದು ಆಗದಾದಾಗ ಅವಳನ್ನು ಕ್ರೌನ್ಸ್‌ವಿಲ್ ಎಂಬಲ್ಲಿನ, ಕರಿಯರಿಗಾಗಿಯೇ ಇದ್ದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೆನ್ರಿಯೆಟಾ ಮೈಯಲ್ಲಿ ಶಕ್ತಿ ಇರುವವರೆಗೂ ಅಲ್ಲಿಗೆ ಹೋಗಿ ಮಗಳನ್ನು ನೋಡಿ ಬರುತ್ತಿದ್ದಳು. ತಾಯಿ ಸತ್ತ ಮೇಲೆ ಆ ಹುಡುಗಿಯನ್ನು ನೋಡಲು ಬರುವವರು ಇಲ್ಲವಾದರು. 1955ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಎಲ್ಸಿಯೂ ಹೋದಳು.

ಹೊಟ್ಟೆಯೊಳಗೆ ಏನೋ ಗಂಟು ಸಿಕ್ಕಿದಂತಾಗುತ್ತದೆ ಎಂದು ಹೆನ್ರಿಯೆಟಾ ಹತ್ತಿರದ ನೆಂಟರಲ್ಲಿ ಹೇಳಿಕೊಂಡದ್ದು ಕೊನೆಯ ಮಗು ಹುಟ್ಟುವುದಕ್ಕಿಂತ ಮೊದಲೇ. ಹೆರಿಗೆಯಾಯಿತು, ಮನೆಗೆಲಸ ನಡೆಯಿತು, ದಿನ ಕಳೆಯಿತು. ಮುಟ್ಟಿನ ಕಾಲವಲ್ಲದಾಗಲೂ ರಕ್ತ ಹೋಗತೊಡಗಿದಾಗ, 1951ರ ಜನವರಿ ಕೊನೆಯಲ್ಲಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಆ ಭಾಗದಲ್ಲಿ ಕರಿಯರನ್ನು ಸೇರಿಸಿಕೊಳ್ಳುತ್ತಿದ್ದ ದೊಡ್ಡ ಆಸ್ಪತ್ರೆ ಅದು. ಅಲ್ಲಿಯೂ ಅವರಿಗೆ ವಾರ್ಡು ಬೇರೆ. ವೈದ್ಯ ಹೋವರ್ಡ್ ಜೋನ್ಸ್ ಪರೀಕ್ಷಿಸಿದಾಗ ಗರ್ಭಕಂಠದಲ್ಲಿ ಗಡ್ಡೆ ಕಂಡಿತು. ಅದು ಕ್ಯಾನ್ಸರ್ ಎಂದು ಕೆಲವೇ ದಿನಗಳಲ್ಲಿ ಖಚಿತವಾಯಿತು.

ಆ ಕಾಲದ ಚಿಕಿತ್ಸೆ ರೇಡಿಯಂ. ಪುಟ್ಟ ಗಾಜಿನ ಕೊಳವೆಗಳಲ್ಲಿ ರೇಡಿಯಂ ತುಂಬಿ ಗರ್ಭಕಂಠದ ಬಳಿ ಇಡುತ್ತಿದ್ದರು. ಅದಕ್ಕಾಗಿ ಅವಳಿಗೆ ಅರಿವಳಿಕೆ ಕೊಟ್ಟಿದ್ದಾಗ, ಗಡ್ಡೆಯಿಂದ ಒಂದು ಚೂರು, ಪಕ್ಕದ ಆರೋಗ್ಯವಂತ ಭಾಗದಿಂದ ಒಂದು ಚೂರು ಕತ್ತರಿಸಿ ತೆಗೆದರು. ಇದು ಚಿಕಿತ್ಸೆಗೆ ಬೇಕಾಗಿದ್ದದ್ದಲ್ಲ, ಸಂಶೋಧನೆಗೆ. ಅವಳನ್ನು ಕೇಳಲಿಲ್ಲ, ಆಮೇಲೆ ಹೇಳಲೂ ಇಲ್ಲ. ಹಾಗೆ ಕೇಳಬೇಕೆಂಬ ನಿಯಮ ಆಗ ಅಲ್ಲಿ ಇರಲಿಲ್ಲ.

ಚೂರುಗಳು ಹೋದದ್ದು ಅದೇ ಆಸ್ಪತ್ರೆಯ ಜಾರ್ಜ್ ಗೈ ಅವರ ಪ್ರಯೋಗಾಲಯಕ್ಕೆ. ಮನುಷ್ಯನ ಜೀವಕೋಶಗಳನ್ನು ದೇಹದ ಹೊರಗೆ ನಿರಂತರವಾಗಿ ಬೆಳೆಸಬೇಕೆಂದು ಅವರು ವರ್ಷಗಟ್ಟಲೆ ಹೆಣಗುತ್ತಿದ್ದರು. ಎಲ್ಲವೂ ಕೆಲವು ದಿನ ಬದುಕಿ ಸಾಯುತ್ತಿದ್ದವು. ಸಹಾಯಕಿ ಮೇರಿ ಕುಬಿಚೆಕ್ ಈ ಚೂರುಗಳನ್ನೂ ಸಣ್ಣಗೆ ಕತ್ತರಿಸಿ ಕೊಳವೆಗಳಲ್ಲಿಟ್ಟಳು. ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ, ಮನೆತನದ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಹೀಲಾ ಎಂದು ಚೀಟಿ ಅಂಟಿಸಿದಳು. ಆರೋಗ್ಯವಂತ ಚೂರು ಎಂದಿನಂತೆ ಸತ್ತಿತು. ಕ್ಯಾನ್ಸರಿನದು ಸಾಯಲಿಲ್ಲ. ದಿನಕ್ಕೆ ಎರಡರಷ್ಟಾಗುತ್ತ ಕೊಳವೆ ತುಂಬಿ, ಮತ್ತೊಂದು ಕೊಳವೆ ತುಂಬಿ, ಬೆಳೆಯುತ್ತಲೇ ಹೋಯಿತು.

ಜೀವಕೋಶಗಳು ಕೊಳವೆಯಲ್ಲಿ ಬೆಳೆದ ಹಾಗೆಯೇ ಅವಳ ಮೈಯಲ್ಲೂ ಬೆಳೆಯುತ್ತಿದ್ದವು. ರೇಡಿಯಂ ಮುಗಿದ ಮೇಲೆ ಎಕ್ಸ್‌ರೇ ಚಿಕಿತ್ಸೆ ನಡೆಯಿತು, ಹೊಟ್ಟೆಯ ಚರ್ಮ ಕಪ್ಪಾಯಿತು. ಆಗಸ್ಟ್‌ನಲ್ಲಿ ನೋವು ತಡೆಯಲಾಗದೆ ಆಸ್ಪತ್ರೆ ಸೇರಿದವಳು ಮತ್ತೆ ಮನೆಗೆ ಬರಲಿಲ್ಲ. 1951ರ ಅಕ್ಟೋಬರ್ 4ರಂದು ತೀರಿಕೊಂಡಾಗ ವಯಸ್ಸು 31. ಮರಣೋತ್ತರ ಪರೀಕ್ಷೆಯ ಕೋಣೆಗೆ ಹೋಗಿದ್ದ ಮೇರಿ ಕುಬಿಚೆಕ್‌ಗೆ ಅವಳ ಕಾಲಿನ ಬೆರಳುಗಳಲ್ಲಿ ಎದ್ದುಹೋಗಿದ್ದ ಕೆಂಪು ಉಗುರುಬಣ್ಣ ಕಾಣಿಸಿತಂತೆ. ಇಷ್ಟು ತಿಂಗಳು ತಾನು ಸಾಕುತ್ತಿದ್ದ ಜೀವಕೋಶಗಳು ಬದುಕಿ ಬಾಳಿದ ಒಬ್ಬ ಹೆಂಗಸಿನವು ಎಂಬುದು ಅವಳ ಮನಸ್ಸಿಗೆ ತಟ್ಟಿದ್ದು ಆಗ. ಹೆನ್ರಿಯೆಟಾಳನ್ನು ಕ್ಲೋವರ್‌ನಲ್ಲಿ ಮನೆತನದ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ.

ಇಲ್ಲಿಗೆ ಅವಳ ಬದುಕು ಮುಗಿಯಿತು, ಹೀಲಾ ಮಾತ್ರ ಊರೂರು ಸುತ್ತತೊಡಗಿತು. ಗೈ ಅವರು ಕೇಳಿದವರಿಗೆಲ್ಲ ಅದನ್ನು ಉಚಿತವಾಗಿ ಕೊಟ್ಟರು. ಪೋಲಿಯೊ ವೈರಸ್ ಹೀಲಾದಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂದು ಗೊತ್ತಾದಾಗ, ಜೋನಾಸ್ ಸಾಲ್ಕ್ ಅವರ ಲಸಿಕೆಯ ಪರೀಕ್ಷೆಗೆಂದು ಟಸ್ಕೀಗೀ ಸಂಸ್ಥೆಯಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದರು. ಅಲ್ಲಿ ಆ ಕೆಲಸ ಮಾಡಿದವರೂ ಕರಿಯ ವಿಜ್ಞಾನಿಗಳು, ತಂತ್ರಜ್ಞರು. ನಮಗೂ ಒಂದು ನಂಟಿದೆ. ಪುಣೆಯಲ್ಲಿ ಹುಟ್ಟಿ ಬೆಳೆದ ಕಮಲ್ ರಣದಿವೆ ಜೀವಕೋಶ ಬೆಳೆಸುವ ವಿದ್ಯೆ ಕಲಿತದ್ದು ಬಾಲ್ಟಿಮೋರ್‌ನ ಇದೇ ಗೈ ಅವರ ಪ್ರಯೋಗಾಲಯದಲ್ಲಿ. ಮರಳಿ ಬಂದು ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಅಂಥ ಪ್ರಯೋಗಾಲಯ ಕಟ್ಟಿದರು. ಇಂದು ನಮ್ಮ ದೇಶದ ಸಂಶೋಧಕರಿಗೆ ಇಂಥ ಜೀವಕೋಶಗಳು ಸಿಗುವ ಮುಖ್ಯ ಜಾಗ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ. ಅಲ್ಲಿನ ಪಟ್ಟಿಯಲ್ಲಿ ಹೀಲಾ ಇದೆ.

ಈಗ ಗಿಡಮೂಲಿಕೆಯ ವಿಷಯಕ್ಕೆ ಬರುತ್ತೇನೆ. 1960ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಗಿಡಗಳಲ್ಲಿ ಔಷಧಿ ಹುಡುಕುವ ದೊಡ್ಡ ಯೋಜನೆ ಶುರುಮಾಡಿತು. 1962ರ ಆಗಸ್ಟ್‌ನಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಪೆಸಿಫಿಕ್ ಯೂ ಮರದ ತೊಗಟೆ ತಂದ. 1964ರಲ್ಲಿ ಆ ತೊಗಟೆಯ ಸಾರವನ್ನು ಕೆಬಿ ಎಂಬ ಜೀವಕೋಶಗಳ ಮೇಲೆ ಹಾಕಿದಾಗ ಅವು ಸತ್ತವು. ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನಸುಖ್ ವಾನಿ ಆ ಸಾರದೊಳಗಿನ ಮುಖ್ಯ ವಸ್ತುವನ್ನು ಬೇರ್ಪಡಿಸಿ, ಟ್ಯಾಕ್ಸಾಲ್ ಎಂದು ಹೆಸರಿಟ್ಟು, 1971ರಲ್ಲಿ ಅದರ ರಚನೆ ಪ್ರಕಟಿಸಿದರು. ವಾನಿ ನಮ್ಮ ಮಹಾರಾಷ್ಟ್ರದ ನಂದುರಬಾರಿನವರು, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿದವರು.

ಕೆಬಿ ಜೀವಕೋಶಗಳು ಬೇರೊಬ್ಬರ ಬಾಯಿಯ ಕ್ಯಾನ್ಸರಿನಿಂದ ಬಂದವು ಎಂದು ಎಲ್ಲರೂ ನಂಬಿದ್ದರು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ 18 ಬಗೆಯ ಜೀವಕೋಶಗಳನ್ನು ಪರೀಕ್ಷಿಸಿ ಒಂದು ಸತ್ಯ ಹೊರಗೆಡವಿದರು. ಬೇರೆ ಬೇರೆ ಜನರಿಂದ ಬಂದವೆಂದುಕೊಂಡಿದ್ದ ಅವೆಲ್ಲದರಲ್ಲೂ ಒಂದೇ ಗುರುತು ಇತ್ತು, ಆಫ್ರಿಕಾ ಮೂಲದವರಲ್ಲಿ ಮಾತ್ರ ಸಾಮಾನ್ಯವಾಗಿ ಕಾಣುವ ಗುರುತು. ಹೀಲಾ ಎಷ್ಟು ಗಟ್ಟಿ ಎಂದರೆ, ಒಂದು ಹನಿ ಬೇರೆ ಕೊಳವೆಗೆ ಸೇರಿದರೆ ಸಾಕು, ಅಲ್ಲಿದ್ದದ್ದನ್ನು ಹಿಂದೆ ಹಾಕಿ ತಾನೇ ತುಂಬಿಕೊಳ್ಳುತ್ತದೆ. ಕೆಬಿ ಎಂದು ಚೀಟಿ ಇದ್ದ ಬಾಟಲಿಗಳಲ್ಲಿ ಬೆಳೆಯುತ್ತಿದ್ದದ್ದೂ ಹೀಲಾವೇ ಎಂದು ಆಮೇಲೆ ಸ್ಪಷ್ಟವಾಯಿತು. ಅಂದರೆ ಯೂ ಮರದ ತೊಗಟೆಯಲ್ಲಿ ಔಷಧಿ ಇದೆ ಎಂದು ಮೊದಲು ತೋರಿಸಿಕೊಟ್ಟದ್ದು ಬೇರೆ ಹೆಸರಿನ ಚೀಟಿಯ ಕೆಳಗಿದ್ದ ಹೆನ್ರಿಯೆಟಾಳ ಜೀವಕೋಶಗಳು. 1979ರ ಹೊತ್ತಿಗೆ ಸೂಸನ್ ಹಾರ್ವಿಟ್ಜ್ ಎಂಬ ವಿಜ್ಞಾನಿ ಟ್ಯಾಕ್ಸಾಲ್ ಕೆಲಸ ಮಾಡುವ ಬಗೆಯನ್ನು ಬಿಡಿಸಿಟ್ಟರು. ಅವರು ಬಳಸಿದ ಜೀವಕೋಶಗಳಲ್ಲೂ ಹೀಲಾ ಇತ್ತು. 1992ರಲ್ಲಿ ಟ್ಯಾಕ್ಸಾಲ್‌ಗೆ ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಇಂದು ಮೈಯಲ್ಲಿ ಹರಡಿದ ಗರ್ಭಕಂಠದ ಕ್ಯಾನ್ಸರಿಗೂ ಅದನ್ನು ಕೊಡುತ್ತಾರೆ. ಹೆನ್ರಿಯೆಟಾಳನ್ನು ಕೊಂಡೊಯ್ದದ್ದು ಅದೇ ಕಾಯಿಲೆ.

ನಮ್ಮ ಕಾಲೇಜುಗಳಲ್ಲಿ ಈ ಪರೀಕ್ಷೆ ನಡೆಯುವ ರೀತಿ ಸರಳ. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಮೆಥನಾಲ್‌ನಲ್ಲೋ ನೀರಿನಲ್ಲೋ ನೆನೆಸಿ, ಸೋಸಿ, ದ್ರವವನ್ನು ಆರಿಸಿ ಸಾರ ತೆಗೆಯುತ್ತಾರೆ. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದೊಂದು ಗುಳಿಗೂ ಕೆಲವು ಸಾವಿರ ಜೀವಕೋಶ ಹಾಕಿ, ಅವು ತಳ ಹಿಡಿದ ಮೇಲೆ ಬೇರೆ ಬೇರೆ ಪ್ರಮಾಣದಲ್ಲಿ ಸಾರ ಸೇರಿಸುತ್ತಾರೆ. ಒಂದೆರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಬಣ್ಣ ಹಾಕುತ್ತಾರೆ. ಬದುಕಿರುವ ಜೀವಕೋಶಗಳು ಆ ಹಳದಿಯನ್ನು ನೇರಳೆ ಮಾಡುತ್ತವೆ, ಸತ್ತವು ಮಾಡುವುದಿಲ್ಲ. ನೇರಳೆ ಬಣ್ಣ ಎಷ್ಟು ಗಾಢವಾಗಿದೆ ಎಂದು ಯಂತ್ರ ಅಳೆಯುತ್ತದೆ. ಅರ್ಧದಷ್ಟು ಜೀವಕೋಶಗಳನ್ನು ತಡೆಯಲು ಬೇಕಾದ ಪ್ರಮಾಣ ಎಷ್ಟು ಎಂಬುದೇ ಪ್ರಬಂಧದಲ್ಲಿ ಬರುವ ಮುಖ್ಯ ಸಂಖ್ಯೆ. ಒಳ್ಳೆಯ ಪ್ರಬಂಧವಾದರೆ ಅದೇ ಸಾರವನ್ನು ಆರೋಗ್ಯವಂತ ಜೀವಕೋಶಗಳ ಮೇಲೂ ಹಾಕಿ ನೋಡಿರುತ್ತಾರೆ.

ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ಹೇಳುವುದು ಸ್ವಲ್ಪವೇ. ತಟ್ಟೆಯಲ್ಲಿರುವ ಜೀವಕೋಶಕ್ಕೆ ಹೊಟ್ಟೆಯಿಲ್ಲ, ಲಿವರ್ ಇಲ್ಲ, ಕಿಡ್ನಿ ಇಲ್ಲ. ಬಟ್ಟೆ ಒಗೆಯುವ ಬ್ಲೀಚ್ ಹಾಕಿದರೂ ಅದು ಸಾಯುತ್ತದೆ. ಯೂ ಮರದ ಎಲೆ, ತೊಗಟೆಯನ್ನು ಹಾಗೆಯೇ ತಿಂದರೆ ಅದು ವಿಷ. ಅಮೆರಿಕದ ಆ ಯೋಜನೆ 1982ರವರೆಗೆ ಸುಮಾರು 35 ಸಾವಿರ ಗಿಡಗಳ ಮಾದರಿಗಳನ್ನು ಪರೀಕ್ಷಿಸಿತು. ಅದರಿಂದ ರೋಗಿಗಳಿಗೆ ತಲುಪಿದ ಔಷಧಿಗಳು ಬೆರಳೆಣಿಕೆಯಷ್ಟು. ಟ್ಯಾಕ್ಸಾಲ್ ಮರದಿಂದ ರೋಗಿಯವರೆಗೆ ಬರಲು ಹಿಡಿದದ್ದು ಮೂವತ್ತು ವರ್ಷ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಎಲೆಯ ಕಷಾಯ ಕುಡಿಯುತ್ತ ಕುಳಿತವರಿಗೆ ಅಷ್ಟು ಸಮಯ ಇರುವುದಿಲ್ಲ. ಆದ್ದರಿಂದ ಗೆಳತಿಯರೇ, ಅಂಥ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು ಒಂದು ನಿಮಿಷ ನಿಲ್ಲಿ. ಜೀವಕೋಶ ಬೇರೆ, ಜೀವ ಬೇರೆ.

ಅದನ್ನು ಹೆನ್ರಿಯೆಟಾಳ ಮಕ್ಕಳಷ್ಟು ಬಲ್ಲವರು ಯಾರೂ ಇರಲಾರರು. ತಾಯಿಯ ಒಂದು ಭಾಗ ಇನ್ನೂ ಬದುಕಿದೆ ಎಂಬುದು ಆ ಮನೆಗೆ ಗೊತ್ತಾದದ್ದು 1973ರಲ್ಲಿ, ಅವಳು ಸತ್ತ ಇಪ್ಪತ್ತೆರಡು ವರ್ಷದ ಮೇಲೆ. ಪತ್ರಿಕೆಗಳಲ್ಲಿ ಅಲ್ಲಿಯವರೆಗೆ ಹೆಲೆನ್ ಲೇನ್ ಎಂಬಂಥ ತಪ್ಪು ಹೆಸರುಗಳು ಓಡಾಡುತ್ತಿದ್ದವು. ಹೀಲಾವನ್ನು ಗುರುತಿಸಲು ಮಕ್ಕಳ ರಕ್ತ ಬೇಕೆಂದು ಸಂಶೋಧಕರು ಬಂದರು. ತಮಗೂ ಕ್ಯಾನ್ಸರ್ ಇದೆಯೇ ಎಂದು ನೋಡಲು ಬಂದಿದ್ದಾರೆ ಎಂದು ಮಕ್ಕಳು ತಿಳಿದುಕೊಂಡರು. ತಾಯಿಯ ಮುಖವೇ ನೆನಪಿಲ್ಲದ ಮಗಳು ಡೆಬೊರಾ, ಅಮ್ಮನಿಗೆ ಅಲ್ಲಿ ನೋವಾಗುತ್ತಿರಬಹುದೇ ಎಂದು ವರ್ಷಗಟ್ಟಲೆ ಕೊರಗಿದಳು. ಅಮ್ಮನ ಜೀವಕೋಶಗಳನ್ನು ಕಂಪನಿಗಳು ಮಾರುತ್ತಿದ್ದಾಗ ಆ ಮನೆಯಲ್ಲಿ ಆರೋಗ್ಯ ವಿಮೆಗೂ ಹಣವಿರಲಿಲ್ಲ.

2010ರಲ್ಲಿ ರೆಬೆಕಾ ಸ್ಕ್ಲೂಟ್ ಬರೆದ ಪುಸ್ತಕದಿಂದ ಜಗತ್ತಿಗೆ ಇದೆಲ್ಲ ತಿಳಿಯಿತು. ಅದೇ ವರ್ಷ ಸಮಾಧಿಗೆ ಕಲ್ಲು ಬಂತು. 2013ರಲ್ಲಿ ಹೀಲಾದ ವಂಶವಾಹಿ ಮಾಹಿತಿಯನ್ನು ಮನೆಯವರನ್ನು ಕೇಳದೆ ಪ್ರಕಟಿಸಿದಾಗ ಗಲಾಟೆಯಾಗಿ, ಅದನ್ನು ಯಾರು ಬಳಸಬಹುದೆಂದು ನಿರ್ಧರಿಸುವ ಸಮಿತಿಯಲ್ಲಿ ಕುಟುಂಬಕ್ಕೂ ಸ್ಥಾನ ಸಿಕ್ಕಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಳಿಗೆ ಮರಣೋತ್ತರ ಗೌರವ ಕೊಟ್ಟಿತು. ಹೀಲಾ ಮಾರಿ ಲಾಭ ಮಾಡಿದ ಒಂದು ದೊಡ್ಡ ಕಂಪನಿಯ ಮೇಲೆ ಕುಟುಂಬ ಹೂಡಿದ್ದ ದಾವೆ 2023ರ ಆಗಸ್ಟ್‌ನಲ್ಲಿ ರಾಜಿಯಲ್ಲಿ ಮುಗಿಯಿತು.

ನಾನು ಕೆಲಸ ಮಾಡಿದ ತಂತ್ರಾಂಶದಲ್ಲಿ, ರೋಗಿಯ ಮಾದರಿ ಸೇರಿಸಬೇಕಾದರೆ ಅವರ ಸಮ್ಮತಿ ಇದೆ ಎಂದು ಗುರುತು ಹಾಕಲೇಬೇಕು. ಹಾಕದಿದ್ದರೆ ಆ ಸಾಲು ಉಳಿಯುವುದೇ ಇಲ್ಲ. ಹೀಲಾದ ಸಾಲಿಗೆ ಮಾತ್ರ ಆ ಜಾಗ ಅನ್ವಯಿಸುವುದಿಲ್ಲ ಎಂದು ಬರುತ್ತಿತ್ತು. ಆಸ್ಪತ್ರೆಯಲ್ಲಿ ಸಹಿ ಹಾಕುವಾಗ ನಾವೆಲ್ಲ ಓದದೆ ಹಾಕುತ್ತೇವೆ. ಇನ್ನು ಮುಂದೆ ಆ ಕಾಗದವನ್ನು ಓದಿ. ಅರ್ಥವಾಗದಿದ್ದರೆ ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿಸಿಕೊಳ್ಳಿ. ಕೇಳುವುದು ನಮ್ಮ ಹಕ್ಕು.

ಇನ್ನೊಂದು ಮಾತು ಹೇಳಲೇಬೇಕು. 1980ರ ದಶಕದಲ್ಲಿ ಜರ್ಮನಿಯ ಹೆರಾಲ್ಡ್ ಸುರ್ ಹೌಸನ್ ಅವರ ತಂಡ ಹೀಲಾದೊಳಗೆ ಎಚ್‌ಪಿವಿ 18 ಎಂಬ ವೈರಸ್ಸಿನ ಅಂಶ ಇರುವುದನ್ನು ಕಂಡುಹಿಡಿಯಿತು. ಹೆನ್ರಿಯೆಟಾಳ ಕ್ಯಾನ್ಸರಿಗೆ ಮೂಲ ಅದೇ. ಆ ತಿಳಿವಳಿಕೆಯಿಂದಲೇ ಲಸಿಕೆ ಬಂತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವವ್ಯಾಕ್ ಲಸಿಕೆ ತಡೆಯುವ ನಾಲ್ಕು ಬಗೆಗಳಲ್ಲಿ 18 ಕೂಡ ಒಂದು. ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಕೊಡಿಸುವ ಬಗ್ಗೆ ವೈದ್ಯರನ್ನು ಕೇಳಿ. ಮೂವತ್ತು ದಾಟಿದವರು ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಿ. ಮುಟ್ಟಿನ ದಿನವಲ್ಲದಾಗ ರಕ್ತ ಕಂಡರೆ ಹಬ್ಬ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಮುಂದೂಡಬೇಡಿ. ಐದು ಮಕ್ಕಳ ತಾಯಿ ಹೆನ್ರಿಯೆಟಾಳ ಕೈಯಲ್ಲಿ ಇವು ಯಾವುವೂ ಇರಲಿಲ್ಲ. ಅವಳ ಜೀವಕೋಶಗಳ ಪುಣ್ಯದಿಂದ ಇಂದು ನಮ್ಮ ಕೈಯಲ್ಲಿವೆ.